ಒಂದು ಮನೆ ಮೇಲಕ್ಕೆ

ಬಸ್ ಡಿಪೋದ ಡ್ಯೂಟಿ ಚಾರ್ಟನ್ನು ಇನ್ನು ಮೇಲೆ ಕಂಪ್ಯೂಟರಿನಲ್ಲೇ ಮಾಡಬೇಕೆಂದು ಮ್ಯಾನೇಜರು ಹೇಳಿದಾಗ ಗೀಟಪ್ಪ ಎದೆಯುಬ್ಬಿಸಿಕೊಂಡು, "ಅದೇನ್ ಮಹಾ ಬಿಡಿ ಸಾರ್" ಅಂದುಬಿಟ್ಟ. ಕೆಡುವುದಕ್ಕೆ ಅಷ್ಟು ಸಾಕಾಯಿತು.

ಗೀಟಪ್ಪ ಎಂಬುದು ಅವನ ನಿಜವಾದ ಹೆಸರಲ್ಲ. ಡಿಪೋದ ಗುಮಾಸ್ತನಾದ ಅವನು ದೊಡ್ಡ ಹಾಳೆಯ ಮೇಲೆ ಸ್ಕೇಲಿಟ್ಟು ಗೀಟೆಳೆದು, ಯಾವ ಬಸ್ಸಿಗೆ ಯಾವ ಡ್ರೈವರು, ಯಾವ ಕಂಡಕ್ಟರು ಎಂದು ಬರೆದು ಗೋಡೆಗೆ ಅಂಟಿಸುತ್ತಿದ್ದ. ಹೆಸರು ಹಾಗೆ ಅಂಟಿಕೊಂಡಿತ್ತು. ಈ ಕೆಲಸದಲ್ಲಿ ಅವನಿಗೊಂದು ಸ್ವಂತ ಅನುಕೂಲವೂ ಇತ್ತು. ಅವನ ಹೆಂಡತಿಯ ಅಪ್ಪ ಅದೇ ಡಿಪೋದಲ್ಲಿ ಡ್ರೈವರು, ಅವನ ಸ್ವಂತ ಅಣ್ಣ ಕಂಡಕ್ಟರು. ಇಬ್ಬರಿಗೂ ಎಣ್ಣೆ ಸೀಗೆಕಾಯಿ. ಗೀಟಪ್ಪನ ಮದುವೆಯ ಗ್ರೂಪ್ ಫೋಟೋದಲ್ಲಿ ಅಣ್ಣ ಮುಂದೆ ಬಂದು ನಿಂತದ್ದರಿಂದ ಹೆಣ್ಣಿನ ತಂದೆಯದು ಒಂದೇ ಒಂದು ಕಿವಿ ಕಂಡಿತ್ತು. ಅಂದಿನಿಂದ ಮಾತಿಲ್ಲ, ಕತೆಯಿಲ್ಲ. ಇಬ್ಬರನ್ನೂ ಒಂದೇ ಬಸ್ಸಿಗೆ ಹಾಕದೆ ಚಾರ್ಟು ಬರೆದು ಗೀಟಪ್ಪ ತನ್ನ ಸಂಸಾರ ಉಳಿಸಿಕೊಂಡಿದ್ದ.

ಬೆಳಗಿನ ಪಾಳಿಯ ಬಸ್ಸುಗಳು ಹೊರಟ ಮೇಲೆ ಅವನು ಮಧ್ಯಾಹ್ನದ ಚಾರ್ಟಿಗೆ ಕೂತ. ಟೇಬಲ್ ಎಂದಿದ್ದಲ್ಲಿ ಒತ್ತಿದರೆ ಪುಟ್ಟ ಪುಟ್ಟ ಚೌಕಗಳು ಕಂಡವು. ಮೌಸ್ ಎಳೆದಷ್ಟೂ ಮನೆಗಳು ಬಿದ್ದವು. ಸ್ಕೇಲಿಲ್ಲ, ಪೆನ್ಸಿಲಿಲ್ಲ, ಗೀಟು ತಾನಾಗಿ ಬಂತು. ಗೀಟಪ್ಪನಿಗೆ ಮೈ ಜುಮ್ಮೆಂದಿತು. ಇಷ್ಟು ದಿನ ಬೆನ್ನು ಬಗ್ಗಿಸಿ ಗೀಚಿದ್ದೆಲ್ಲ ದಂಡ ಎನಿಸಿ, ಲಟಲಟನೆ ಹೆಸರು ಟೈಪ್ ಮಾಡತೊಡಗಿದ.

ಮೊದಲ ಕಾಲಂ ಕಿರಿದಾಯಿತು. ಡ್ರೈವರುಗಳ ಹೆಸರು ಸಾಲಿಗೊಂದು ಅಕ್ಷರದಂತೆ ಬಾವಿಗಿಳಿಯುವ ಹಗ್ಗದ ಹಾಗೆ ಕೆಳಗಿಳಿಯಿತು.

"ಆ ಗೆರೆ ಹಿಡ್ಕೊಂಡು ಎಳಿ," ಎಂದಳು ಹಿಂದೆ ಬಂದು ನಿಂತ ಟಿಕೆಟ್ ಕೌಂಟರಿನ ಅಕ್ಕ.

ಎಳೆದ. ಹೆಸರುಗಳು ನೆಟ್ಟಗಾದವು, ಆದರೆ ಕೊನೆಯ ಕಾಲಂ ಹಾಳೆಯಿಂದಲೇ ಆಚೆ ಹೋಯಿತು.

"ಎಳಿ ಅಂದ್ರೆ ಊರಾಚೆಗೆ ಎಳಿ ಅಂದ್ನಾ?"

ಅದನ್ನು ಒಳಗೆ ತರುವಷ್ಟರಲ್ಲಿ ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ ಬಂದ. "ಸ್ವಲ್ಪ ಬಣ್ಣ ಹಾಕಪ್ಪಾ, ಒಳ್ಳೆ ಸಾವಿನ ನೋಟೀಸ್ ಇದ್ದಂಗಿದೆ."

ಗೀಟಪ್ಪ ತಲೆಬರಹದ ಸಾಲಿಗೆ ಕಪ್ಪು ಬಣ್ಣ ಬಳಿದ. ಅಕ್ಷರವೂ ಕಪ್ಪು, ಮನೆಯೂ ಕಪ್ಪು, ತಲೆಬರಹ ಕಾಣೆಯಾಯಿತು. ಅಕ್ಷರ ಬಿಳಿ ಮಾಡಿದ ಮೇಲೆ ಮಾತ್ರ ಅದು ಕತ್ತಲಿಂದ ಎದ್ದು ಬಂತು. ಮೂವರೂ ಕೂಸು ಹುಟ್ಟಿದಷ್ಟು ಖುಷಿಪಟ್ಟರು.

ಆಗಲೇ ಫೋನು ಬಂತು. ಚಾರ್ಟಿನ ಮೊದಲ ಸಾಲಿನ ಕಂಡಕ್ಟರಿಗೆ ಜ್ವರ, ಬರುವುದಿಲ್ಲ.

"ಆ ಮನೇನೇ ಡಿಲೀಟ್ ಮಾಡು," ಎಂದಳು ಅಕ್ಕ.

ಡಿಲೀಟ್ ಒತ್ತಿದರೆ ಕಂಪ್ಯೂಟರು ಪ್ರಶ್ನೆ ಕೇಳಿತು: ಉಳಿದ ಮನೆಗಳನ್ನು ಎಡಕ್ಕೆ ಸರಿಸಲೋ, ಮೇಲಕ್ಕೆ ಸರಿಸಲೋ?

"ಮೇಲಕ್ಕೆ ಅನ್ನು," ಎಂದ ಮೆಕ್ಯಾನಿಕ್. "ಮೇಲಕ್ಕೆ ಹೋಗೋದು ಯಾರಿಗೆ ಬೇಡ?"

ಗೀಟಪ್ಪ ಮೇಲಕ್ಕೆ ಅಂದ. ಕಂಡಕ್ಟರುಗಳ ಕಾಲಮ್ಮಿನ ತೀರ ಕೆಳಗೆ ಒಂದು ಖಾಲಿ ಮನೆ ಕಾಣಿಸಿತು. "ನೋಡಿ, ಜಾಗಾನೂ ಅದೇ ಮಾಡಿಕೊಡ್ತು" ಎಂದು ಬದಲಿ ಕಂಡಕ್ಟರಿನ ಹೆಸರನ್ನು ಅಲ್ಲಿ ಹಾಕಿ ಪ್ರಿಂಟ್ ಕೊಟ್ಟ. ಮ್ಯಾನೇಜರು ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು, ತಾವೇ ಗೋಡೆಗೆ ಅಂಟಿಸಿದರು. "ಇದು ಕಂಪ್ಯೂಟರ್ ಹಾಕಿರೋ ಡ್ಯೂಟಿ. ಯಾರೂ ತಕರಾರು ತೆಗೆಯೋ ಹಾಗಿಲ್ಲ," ಎಂದು ಸಾರಿದರು.

ಮಧ್ಯಾಹ್ನದ ಬಸ್ಸುಗಳೆಲ್ಲ ಹೊರಟ ಮೇಲೆ ಗೀಟಪ್ಪ ಚಹಾ ಹಿಡಿದು ತನ್ನ ಚಾರ್ಟಿನ ಸೊಬಗು ನೋಡಲು ಗೋಡೆಯ ಮುಂದೆ ನಿಂತ. ಮಾವನ ಹೆಸರಿನ ಪಕ್ಕಕ್ಕೆ ಕಣ್ಣು ಹೋಯಿತು. ಅಲ್ಲಿ ಅಣ್ಣನ ಹೆಸರಿತ್ತು. ಕೆಳಗಿನ ಸಾಲಿನಲ್ಲಿದ್ದ ಅಣ್ಣ ಒಂದು ಮನೆ ಮೇಲೆ ಹತ್ತಿ ಮಾವನ ಮಗ್ಗುಲಿಗೆ ಬಂದು ಕೂತಿದ್ದ. ಎಲ್ಲ ಕಂಡಕ್ಟರುಗಳೂ ಹಾಗೆಯೇ ಹತ್ತಿದ್ದರು. ಆದರೆ ಉಳಿದವರಿಂದ ಯಾರ ಮನೆಯೂ ಮುರಿಯುವುದಿಲ್ಲವಲ್ಲ.

ಚಹಾ ಅಲ್ಲೇ ಇಟ್ಟು ಮಾವನಿಗೆ, ಅಣ್ಣನಿಗೆ ಫೋನು ಮಾಡಿದ. ಇಬ್ಬರೂ ಫೋನು ಎತ್ತಲಿಲ್ಲ. ಬದಲಿಗೆ ಹೆಂಡತಿಯ ಫೋನು ಬಂತು.

"ರೀ, ಬಸ್ ಹೊರಡೋ ಮುಂಚೆ ಅಪ್ಪ ಫೋನ್ ಮಾಡಿದ್ರು. ನಿನ್ನ ಗಂಡ ಬೇಕಂತ್ಲೇ ನನ್ನ ಮಾನ ತೆಗೆದ ಅಂತಾರೆ. ಏನ್ ಮಾಡಿದ್ರಿ?"

"ಒಂದು ಮನೆ ಮೇಲಕ್ಕೆ ಹೋಯ್ತು ಕಣೇ."

"ಯಾರ ಮನೆ?"

ವಿವರಿಸಿದ. ಕೇಳಿದವಳೇ, "ಅಪ್ಪಂಗೂ ಭಾವಂಗೂ ಹೊಡೆದಾಟ ಆಯ್ತೋ, ನಾನು ತವರಿಗೆ ಹೋದೆ ಅಂತಿಟ್ಕೊಳ್ಳಿ. ಕಂಪ್ಯೂಟರ್ ಜತೆ ಸಂಸಾರ ಮಾಡ್ಕೊಂಡಿರಿ," ಎಂದು ಇಟ್ಟುಬಿಟ್ಟಳು.

ಗೀಟಪ್ಪ ಮೆಕ್ಯಾನಿಕ್ಕಿನ ಸ್ಕೂಟರಿನ ಹಿಂದೆ ಹಾರಿ ಕೂತ. ಊರಿನ ಗಾಡಿಗಳನ್ನೆಲ್ಲ ರಿಪೇರಿ ಮಾಡುವವನ ಸ್ಕೂಟರು ಏರು ಬಂದಾಗಲೆಲ್ಲ ಮುದುಕನ ಹಾಗೆ ಕೆಮ್ಮಿ ನಿಲ್ಲುತ್ತಿತ್ತು. ಗೀಟಪ್ಪ ಇಳಿದು ತಳ್ಳುವನು, ಮತ್ತೆ ಹತ್ತುವನು.

ಮಾರುಕಟ್ಟೆಯ ಸ್ಟಾಪಿನಲ್ಲಿ ಹಣ್ಣಿನವನು ಹೇಳಿದ: "ಆ ಬಸ್ಸಾ? ಒಳಗೆ ಭಾರೀ ಗದ್ದಲ. ಕಂಡಕ್ಟ್ರು ಕೈ ಬೀಸಿ ಬೀಸಿ ಕೂಗ್ತಿದ್ದ. ಡ್ರೈವರು ಸ್ಟೇರಿಂಗ್ ಗುದ್ತಿದ್ರು."

ಮುಂದೆ ಆಸ್ಪತ್ರೆಯ ಸ್ಟಾಪಿನಲ್ಲಿ ಕಾವಲುಗಾರ ಇನ್ನೂ ಹೆದರಿಸಿದ: "ಒಬ್ರೂ ಇಳೀಲಿಲ್ಲ ಸ್ವಾಮಿ. ಇಳೀಬೇಕಾದೋರೂ ಬಾಯಿ ಬಿಟ್ಕೊಂಡು ಕೂತೇ ಇದ್ರು."

"ಇನ್ನೂ ಜೋರಾಗಿ ಬಿಡೋ ಮಾರಾಯ," ಎಂದು ಗೀಟಪ್ಪ ಗೆಳೆಯನ ಬೆನ್ನು ಗುದ್ದಿದ.

ಕೊನೆಯ ಸ್ಟಾಪಿನಲ್ಲಿ ಬಸ್ಸು ನಿಂತಿತ್ತು. ಜನ ಕಿಟಕಿಗೆ ಮುಖ ಒತ್ತಿಕೊಂಡು ಹೊರಗೆ ನೋಡುತ್ತಿದ್ದರು. ಗೀಟಪ್ಪ, "ಬಿಡಿ, ಬಿಡಿ ಅವರನ್ನ" ಎನ್ನುತ್ತ ಬಸ್ಸಿನ ಮುಂಭಾಗಕ್ಕೆ ಓಡಿದ. ಅಲ್ಲಿ ಮಾವನ ಹೆಗಲ ಮೇಲೆ ಅಣ್ಣನ ಕೈಯಿತ್ತು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು.

"ಬನ್ನಿ ಅಳಿಯಂದ್ರೇ," ಎಂದರು ಮಾವ. "ನಿಮ್ದೇ ಮಾತು."

"ಜಗಳ... ಆಡ್ಲಿಲ್ವಾ?"

"ಆಡೋಣ ಅಂತಾನೇ ಹೊರಟ್ವಿ," ಎಂದ ಅಣ್ಣ. "ಬಸ್ ಗೇಟು ದಾಟ್ತಿದ್ದಂಗೆ ನಾನು, ನನ್ನ ತಮ್ಮನಷ್ಟು ಪೆದ್ದ ಇನ್ನೊಬ್ಬ ಇಲ್ಲ ಅಂದೆ. ಮಾವನೋರು ತಿರುಗಿ ನೋಡಿ, ನಿನ್ನ ಬಾಯಲ್ಲಿ ಇದೊಂದು ಸರಿಯಾದ ಮಾತು ಬಂತು ನೋಡು ಅಂದ್ರು. ಅಲ್ಲಿಂದ ಶುರುವಾಯ್ತು."

"ನಿಮ್ಮ ಪೆದ್ದು ಕೆಲಸಾನೆಲ್ಲ ಒಂದೊಂದಾಗಿ ನೆನಪು ಮಾಡ್ಕೊಂಡ್ವಿ," ಎಂದರು ಮಾವ. "ದಾರಿ ಸವೆದಿದ್ದೇ ಗೊತ್ತಾಗ್ಲಿಲ್ಲ. ಇಂಥ ಒಳ್ಳೆ ಮನುಷ್ಯನ ಹತ್ರ ಇಷ್ಟು ವರ್ಷ ಮಾತು ಬಿಟ್ಟಿದ್ನಲ್ಲ ಅಂತ ಸಂಕಟ ಆಯ್ತು. ಇನ್ಮೇಲೆ ನಮ್ಮಿಬ್ರನ್ನೂ ಒಂದೇ ಬಸ್ಸಿಗೆ ಹಾಕಿ."

ಗೀಟಪ್ಪನಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಹೇಗಾದರೇನು, ರಾಜಿಯಾಯಿತಲ್ಲ ಎಂದು ಉಸಿರುಬಿಟ್ಟು, ವಾಪಸು ಹೋಗಲು ಅದೇ ಬಸ್ಸು ಹತ್ತಿದ. ಇಳಿಯದೆ ಕೂತಿದ್ದ ಒಬ್ಬ ಅಜ್ಜಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಆ ಅಳಿಯ ಇವನೇನಾ? ಅವರು ಹೇಳಿದ್ದು ಕೇಳಿ ಇನ್ನೂ ದಪ್ಪ ಇರ್ತಾನೆ ಅಂದ್ಕೊಂಡಿದ್ದೆ," ಎಂದಳು.

ಮಾವ ಎಂಜಿನ್ ಶುರು ಮಾಡುವ ಹೊತ್ತಿಗೆ ಹೆಂಡತಿಯ ಫೋನು ಬಂತು. ಗೀಟಪ್ಪ ಸಡಗರದಿಂದ, "ಇಬ್ರೂ ಒಂದಾದ್ರು ಕಣೇ. ಇಬ್ರೂ ಸೇರಿ ನನ್ನ ಬೈಕೊಂಡು ಬೈಕೊಂಡು ಒಂದಾಗಿಬಿಟ್ರು," ಎಂದ.

"ಹೌದಾ?" ಎಂದಳು ಅವಳು. ಅವಳ ದನಿಯಲ್ಲೂ ಸಡಗರವಿತ್ತು. "ಹಾಗಾದ್ರೆ ಫೋನು ಭಾವನ ಕೈಗೆ ಕೊಡಿ. ಅವರಿಬ್ರಿಗೂ ಗೊತ್ತಿಲ್ದೇ ಇರೋದು ನನ್ನ ಹತ್ರ ಬೇಕಾದಷ್ಟಿದೆ."

ಅಣ್ಣ ಫೋನನ್ನು ಸ್ಪೀಕರಿಗೆ ಹಾಕಿ ಎತ್ತಿ ಹಿಡಿದ. ಬಸ್ಸಿನ ಮಂದಿ ಮುಂದಕ್ಕೆ ಬಾಗಿದರು. ಸರಿಯಾಗಿ ಕೇಳಿಸಲೆಂದು ಮಾವ ಎಂಜಿನ್ ಆಫ್ ಮಾಡಿದರು.