ಹರಿದುಕೊಟ್ಟ ಎನ್ ಪುಟ

ಅಜ್ಜಂಪುರದಲ್ಲಿ ಮೆಡಿಕಲ್ ಶಾಪ್ ಇಟ್ಟವನಿಗೆ ಮಾತ್ರೆಗಿಂತ ಜಾಸ್ತಿ ಖರ್ಚಾಗೋದು ಧೈರ್ಯ ಕಣ್ರೀ. ಚೀಟೀಲಿ ಮೂರು ಇಂಗ್ಲಿಷ್ ಅಕ್ಷರ ಕಂಡ್ರೆ ಸಾಕು, ಜನಕ್ಕೆ ಜೀವ ಬಾಯಿಗೆ ಬರುತ್ತೆ. ಅದಕ್ಕೇ ಹಳೇ ಡಾಕ್ಟರೊಬ್ಬರನ್ನ ಕೇಳಿ ಕೇಳಿ, ಎ ಇಂದ ಝಡ್‌ವರೆಗೆ, ಅಕ್ಷರಕ್ಕೊಂದು ಪುಟದ ಹಾಗೆ ಅರ್ಥ ಬರೆದಿಟ್ಟ ನೋಟ್‌ಬುಕ್ಕನ್ನ ಕೌಂಟರಿಗೆ ದಾರ ಕಟ್ಟಿ ನೇತುಹಾಕಿದೀನಿ.

ಬಿ

ಬಿ.ಡಿ. ಅಂದ್ರೆ ದಿನಕ್ಕೆರಡು ಸಲ. ಬುಕ್ಕಾಂಬುಧಿಯ ರೈತರೊಬ್ಬರಿಗೆ "ಊಟ ಆದ್ಮೇಲೆ, ಎರಡು ಸಲ" ಅಂತ ಮಾತ್ರೆ ಕೊಟ್ಟೆ. ನಾಲ್ಕೇ ದಿನಕ್ಕೆ ಸೊರಗಿ ಬಂದ್ರು.

"ಏನೋ ದೊಡ್ಡ ಕಾಯಿಲೇನೇ ಇರ್ಬೇಕು ಸ್ವಾಮಿ. ಮಧ್ಯಾಹ್ನ ಆದ್ರೆ ಕೈಕಾಲು ನಡುಗ್ತವೆ."

"ಮಧ್ಯಾಹ್ನ ಏನು ಉಂಡ್ರಿ?"

"ಎಲ್ಲಿ ಉಣ್ಣೋದು? ಮೂರನೇ ಸಲ ಉಂಡ್ರೆ ಅದಕ್ಕೆ ಮಾತ್ರೆ ಎಲ್ಲೈತೆ?"

ಎನ್

ಶಿವನಿ ಊರಿನ ಅಜ್ಜಿಯೊಬ್ಬರು ಎಕ್ಸ್‌ರೇ ವರದಿ ಹಿಡ್ಕೊಂಡು ಬಂದ್ರು. "ಎನ್.ಎ.ಡಿ. ಅಂತ ಬರೆದವ್ರಂತೆ. ಇನ್ನೆಷ್ಟು ದಿನ ಇರ್ತೀನಿ ಹೇಳಪ್ಪಾ."

"ದೋಷ ಏನೂ ಕಂಡುಬಂದಿಲ್ಲ ಅಂತ ಅದರರ್ಥ, ಅಜ್ಜಿ."

"ಬಾಯಲ್ಲಿ ಎಲ್ರೂ ಹಂಗೇ ಅಂತಾರೆ. ಬರೆದಿರೋದು ಕೊಡು."

ಬಿಡಲೇ ಇಲ್ಲ. ಎನ್ ಪುಟಾನೇ ಹರಿಸ್ಕೊಂಡು ಹೋದ್ರು. ಮೂರಕ್ಷರಕ್ಕೆ ಇಷ್ಟು ಹೆದರೋದಾ ಅಂತ ನಾನು ನಕ್ಕಿದ್ದೇ ನಕ್ಕಿದ್ದು.

ಎಸ್

ಎಸ್.ಓ.ಎಸ್. ಅಂದ್ರೆ ಬೇಕಾದಾಗ ಮಾತ್ರ. ತರೀಕೆರೆಯಿಂದ ಮದುವೆಯಾಗಿ ಬಂದ ಹೆಣ್ಣುಮಗಳಿಗೆ ತಲೆನೋವಿನ ಮಾತ್ರೆ. ವಾರಕ್ಕೆ ಉರ್ಕೊಂಡು ಬಂದ್ಲು.

"ಅಣ್ಣಾ, ಬೇಕೋ ಬೇಡ್ವೋ ಹೇಳೋದು ಯಾರು? ಮಾತ್ರೆ ನಮ್ಮನೆಯವ್ರ ಜೇಬಲ್ಲಿದೆ. ಕೇಳಿದಾಗೆಲ್ಲ 'ಇನ್ನೂ ಬೇಕಾಗಿಲ್ಲ' ಅಂತಾರೆ!"

ಎಸ್ ಪುಟದಲ್ಲಿ ಹೊಸ ಸಾಲು ಸೇರಿಸಿದೆ: ತಲೆ ಯಾರದೋ, ತೀರ್ಮಾನ ಅವರದು.

ಮತ್ತೆ ಎನ್

ಹೋದ ತಿಂಗಳು ನನಗೇ ಕೆಮ್ಮು ಹಿಡೀತು, ಬಿಡಲೇ ಇಲ್ಲ. ನಮ್ಮಪ್ಪ ಹೋಗಿದ್ದೂ ಕೆಮ್ಮಿಂದಲೇ. ಹೆದರಿ ಕಡೂರಿಗೆ ಹೋಗಿ ಎದೆ ಎಕ್ಸ್‌ರೇ ತೆಗೆಸಿದೆ. ವರದಿ ಶನಿವಾರ ಕೈಗೆ ಬಂತು, ಡಾಕ್ಟ್ರು ಸಿಗೋದು ಸೋಮವಾರ. ವರದೀಲಿ ಮೂರೇ ಅಕ್ಷರ: ಎನ್.ಎ.ಡಿ.

ಅರ್ಥ ಗೊತ್ತಿತ್ತು. ಆದ್ರೂ ಮೊಬೈಲಲ್ಲಿ ಹುಡುಕಿದೆ, ಹತ್ತು ಅರ್ಥ ತೋರಿಸ್ತು. ನನಗೆ ಅಲ್ಲಿಲ್ಲದ ಹನ್ನೊಂದನೇದರ ಭಯ ಶುರುವಾಯ್ತು. ನೋಟ್‌ಬುಕ್ ತೆಗೆದ್ರೆ ಎಂ ಆದ್ಮೇಲೆ ಓ! ಭಾನುವಾರ ಬೆಳಿಗ್ಗೆ ಶಟರ್ ಎಳೆದು ಶಿವನಿ ಬಸ್ ಹತ್ತಿದೆ.

ನನ್ನ ವರದಿ ವಿಷಯ ಕೇಳಿ ಅಜ್ಜಿ ದೇವರ ಗೂಡಿಂದ ಪುಟ ತಂದ್ರು. ಮೇಲೆಲ್ಲ ವಿಭೂತಿ. ಅಡಿಯಲ್ಲಿ ನನ್ನದೇ ಅಕ್ಷರ: ದೋಷ ಕಂಡುಬಂದಿಲ್ಲ. ಮೂರು ಸಲ ಓದಿದೆ. ಅಳುವೇ ಬಂದ್ಬಿಡ್ತು.

"ಅಜ್ಜಿ, ಈ ಪುಟ ವಾಪಸ್ ಕೊಡ್ತೀರಾ?"

"ಅದು ನಂದು ಕಣಪ್ಪಾ, ಕೊಡಾಕಿಲ್ಲ. ನಿಂಗೇನೂ ಆಗಿಲ್ಲ, ಹೋಗು."

"ಬಾಯಲ್ಲಿ ಹೇಳಿದ್ರೆ ಹೆಂಗೆ ಅಜ್ಜೀ..."

ಅಜ್ಜಿ ನನ್ನ ಮುಖಾನೇ ನೋಡಿದ್ರು. "ಹಂಗಾರೆ ಇನ್ನೊಂದು ಹಾಳೇಲಿ ನೀನೇ ಬರಿ. ನಾನು ಹೆಬ್ಬೆಟ್ಟು ಒತ್ತಿಕೊಡ್ತೀನಿ."

ಸೋಮವಾರ ಡಾಕ್ಟ್ರೂ ಏನೂ ಇಲ್ಲ ಅಂದ್ರು. ಆದ್ರೆ ಅವರು ಬರೀ ಬಾಯಲ್ಲಿ ಹೇಳಿದ್ದು. ಹೆಬ್ಬೆಟ್ಟಿನ ಚೀಟಿ ಈಗಲೂ ನನ್ನ ಜೇಬಲ್ಲೇ ಇದೆ.