ಪೋಸ್ಟಾಫೀಸಿಗೆ ನಮ್ಮನೆ ಹೆಂಚು

ಮಳವಳ್ಳಿ ತಾಲ್ಲೂಕಿನಲ್ಲೇ ನಮ್ಮ ಸೋದರಮಾವನಂಥ ಕಳ್ಳ ಇನ್ನೊಬ್ಬನಿರಲಿಲ್ಲ. ಕದಿಯುತ್ತಿದ್ದದ್ದು ಮಾತ್ರ ಸ್ವಂತ ಮನೆಯಿಂದ! ಅದೂ ಚಿನ್ನವಲ್ಲ, ಬೆಳ್ಳಿಯಲ್ಲ, ಸೂರಿನ ಹೆಂಚು!

ಎಪ್ಪತ್ತರ ದಶಕದ ಮಾತು. ಹಲಗೂರಿನಲ್ಲಿ ನನಗೆ ಮೇಷ್ಟ್ರ ಕೆಲಸ, ವಾಸ ಮಾವನ ಮನೆಯಲ್ಲಿ. ಊರಿನ ಪೋಸ್ಟಾಫೀಸು ಮಹಾರಾಜರ ಕಾಲದ್ದು. ಇನ್ನೊಂದು ಮಳೆಗೆ ಸೋರಿದರೆ ಕಚೇರಿಯನ್ನು ತಾರಸಿ ಕಟ್ಟಡಕ್ಕೆ ಎತ್ತುತ್ತೇವೆ, ಇದನ್ನು ಕೆಡವುತ್ತೇವೆ ಎಂದು ದೊಡ್ಡ ಸಾಹೇಬರು ಹೇಳಿ ಹೋದರು. ಸರಿ, ಮುಂಗಾರಿಗೆ ಮುಂಚೆ ಮಾವ ಅದರ ಮಾಡು ಹತ್ತಿ ಹೆಂಚು ಕೈಯಾಡಿಸತೊಡಗಿದರು. ಕಬ್ಬು ಬೆಳೆಯುವ ಮನುಷ್ಯನಿಗೆ ಯಾಕೆ ಬೇಕಿತ್ತು ಈ ಉಸಾಬರಿ? ಅವರಿಗೊಂದು ಕಾರ್ಡು ಬಂದದ್ದನ್ನೂ ನಾನು ಕಾಣೆ! ಅಲ್ಲಿ ಒಡೆದ ನಾಡಹೆಂಚಿಗೆ ಸರಿಯಾಗಿ ಕೂರುವುದು ನಮ್ಮ ಮನೆಯದು ಮಾತ್ರವಂತೆ. ಪ್ರತಿ ವರ್ಷ ನಮ್ಮ ಸೂರು ತೆಳ್ಳಗಾಯಿತು.

ಅಡುಗೆಮನೆ ಸೋರುತ್ತಿತ್ತು. ಮುದ್ದೆ ತೊಳಸಲು ಅತ್ತೆಗೆ ಎರಡೂ ಕೈ ಬೇಕು. ಕೊಡೆ ಹಿಡಿಯುವವನು ಯಾರು? ಬಿ.ಎ. ಪಾಸಾದ ನಾನು! ಅತ್ತೆ ಬೈಯುತ್ತಿದ್ದ ಬೈಗುಳಕ್ಕೆ ಒಲೆಯೇ ಆರಬೇಕಿತ್ತು.

ಬೆಸಗರಹಳ್ಳಿಯಿಂದ ನನ್ನನ್ನು ನೋಡಲು ಹೆಣ್ಣಿನ ಕಡೆಯವರು ಬಂದ ದಿನವೂ ಮಳೆ. ಹೆಣ್ಣಿನ ತಂದೆಯ ಬೋಳುತಲೆಗೇ ತೊಟ್ಟಿಕ್ಕಿತು. ಅವರು ಮೇಲೆ ನೋಡಿದರೆ, ಮಾವ ಹೆಮ್ಮೆಯಿಂದ, ಪೋಸ್ಟಾಫೀಸಿನಲ್ಲಿ ಒಂದು ತೊಟ್ಟೂ ಬೀಳುವುದಿಲ್ಲ, ಬನ್ನಿ ತೋರಿಸುತ್ತೇನೆ ಎಂದು ಎದ್ದರು! ಆ ಸಂಬಂಧ ಸಂಜೆ ಬಸ್ಸಿಗೇ ವಾಪಸು ಹೋಯಿತು.

ಅವತ್ತು ನನಗೆ ರೇಗಿತು. ಮನೆಯವರಿಗಿಂತ ಆ ಪೋಸ್ಟಾಫೀಸಿನ ಗೋಡೆ ಹೆಚ್ಚಾ ಎಂದು ಕೂಗಾಡಿದೆ. ಮಾವ ಬೀಡಿ ಹಚ್ಚಿ ಹೇಳಿದರು:

"ಆ ಗ್ವಾಡೆ ಕಟ್ದೋನು ನಮ್ಮಪ್ಪ ಕಣ್ಲಾ. ನಮ್ಮನೆ ಸೋರುದ್ರೆ ನೆನಕತೀವಿ. ಅದು ಸೋರುದ್ರೆ ಕೆಡವ್ತಾರೆ."

ಇಂಥವರ ಹತ್ತಿರ ಏನು ವಾದ ಮಾಡುತ್ತೀರಿ?

ಮುಂದಿನ ವರ್ಷ ಮಾವ ಗದ್ದೆ ಬದುವಿನಲ್ಲಿ ಜಾರಿ ಸೊಂಟ ಮುರಿದುಕೊಂಡು ಮಲಗಿದರು. ಮೋಡ ಕಟ್ಟಿತು. ಅವರಿಗೆ ಊಟ ಸೇರದು, ಕಿಟಕಿಯಾಚೆಗೇ ಕಣ್ಣು. ಸದ್ಯ, ಈ ವರ್ಷ ನಮ್ಮ ಹೆಂಚು ಉಳಿಯಿತು ಎಂದು ನಾನು ಒಳಗೊಳಗೇ ಖುಷಿಪಟ್ಟೆ.

ಶನಿವಾರ ಶಾಲೆ ಮುಗಿಸಿ ಬಂದರೆ, ಅಡುಗೆಮನೆ ಮೇಲೆ ಕೂಲಿಯಾಳು! ಕೆಳಗೆ ಅತ್ತೆ ಸೆರಗು ಕಟ್ಟಿ, ಅವನು ಇಳಿಸಿದ ಹೆಂಚನ್ನು ಒಂದೊಂದೇ ಸೆರಗಿನಲ್ಲಿ ಒರೆಸಿ ಮಂಕರಿಗೆ ತುಂಬುತ್ತಿದ್ದಾರೆ. ನಿಮಗೂ ಹುಚ್ಚು ಹಿಡಿಯಿತೇ ಅತ್ತೆ ಎಂದೆ.

"ಮೆಲ್ಲುಗೆ ಮಾತಾಡು, ಒಳ್ಗೆ ಕೇಳುಸ್ತದೆ," ಎಂದರು. "ಅದನ್ನ ಕೆಡವುದ್ರೆ ನಿಮ್ಮಾವ ಏಳಕಿಲ್ಲ ಕಣಪ್ಪ. ನಾನು ಕೊಟ್ಗೇಲೇ ಒಲೆ ಊಡ್ಕತೀನಿ, ಬುಡು."

ನಾನು ಚೀಲ ಜಗಲಿಯ ಮೇಲಿಟ್ಟು ಮಂಕರಿ ತಲೆಗೆ ಹೊತ್ತೆ.