ಕೆಂಪು ಮಾತ್ರೆಯವರೇ, ನನ್ನ ಹೊಟ್ಟೆಯ ಮೇಲೇಕೆ ಇಷ್ಟು ಪ್ರೀತಿ?

ಮಾನ್ಯ ಕೆಂಪು ಮಾತ್ರೆಯವರೇ,

ತಮ್ಮ ಮೈಬಣ್ಣ ಮಾಸದಿರಲಿ, ತಾವು ಮಲಗುವ ಬೆಳ್ಳಿ ಹಾಳೆಯ ಹೊಳಪು ಹೀಗೇ ಇರಲಿ ಎಂದು ಹಾರೈಸುತ್ತಾ, ಜನರ ಮನೆಗಳಿಗೆ ಟೈಲ್ಸ್ ಕೂರಿಸಿ ಅರ್ಧ ಆಯಸ್ಸನ್ನು ಮಂಡಿಯ ಮೇಲೇ ಕಳೆದಿರುವ ನಾನು, ತಮ್ಮ ಪಾದಕ್ಕೆ ಬೀಳಲು ಬಗ್ಗಲಾಗದೆ, ನಿಂತೇ ನಮಸ್ಕರಿಸಿ ಅರಿಕೆ ಮಾಡುತ್ತಿದ್ದೇನೆ.

ಮಂಡಿ ಊರದವನಿಗೆ ನಮ್ಮ ಮೇಸ್ತ್ರಿ ಕೆಲಸ ಕೊಡುವುದಿಲ್ಲ. ತಾವು ಗಂಟಲಿನಿಂದ ಇಳಿದರೆ ಸಾಕು, ನನ್ನ ಮಂಡಿ ಎಣ್ಣೆ ಬಿಟ್ಟ ಬಾಗಿಲಿನ ಹಾಗೆ ಸದ್ದಿಲ್ಲದೆ ಮಡಚಿಕೊಳ್ಳುತ್ತಿತ್ತು. ನಮ್ಮ ಟೈಲ್ಸ್ ಬುದ್ಧಿಗೆ ಬಣ್ಣ ಬೇರೆಯಾದರೆ ಜಾಗವೂ ಬೇರೆ: ಅಡುಗೆಮನೆಗೆ ಒಂದು, ಬಚ್ಚಲಿಗೆ ಇನ್ನೊಂದು. ಹಾಗಾಗಿ ಮಂಡಿಗೆ ತಮ್ಮನ್ನೂ ಸೊಂಟಕ್ಕೆ ತಮ್ಮ ಬಿಳಿ ಸಹೋದರರನ್ನೂ ನೇಮಿಸಿಕೊಂಡು, ತಿಂಡಿಗೂ ಕಾಯದೆ ಬರೀ ಕಾಫಿಯಲ್ಲಿ ಬರಮಾಡಿಕೊಳ್ಳುತ್ತಿದ್ದೆ.

ತಾವಾದರೋ ಹೇಳಿದ್ದಕ್ಕಿಂತ ಹೆಚ್ಚು ದುಡಿಯುವ ಮಹಾನುಭಾವರು. ಮಂಡಿಯ ಕೆಲಸ ಮುಗಿಸಿ, ಯಾರೂ ಕರೆಯದಿದ್ದರೂ ನನ್ನ ಹೊಟ್ಟೆಯ ಒಳಗೋಡೆಯನ್ನೂ ಕೆರೆದು ಕೊಟ್ಟಿರಿ. ಹೋದ ವಾರ ಮಲ ಡಾಂಬರಿನಂತೆ ಕಪ್ಪಾದಾಗ ಕಾಫಿಯ ಮೇಲೆ ತಪ್ಪು ಹೊರಿಸಿ ತಮ್ಮ ಮಾನ ಕಾಪಾಡಿದೆ. ಆದರೆ ಮೂಲೆಯ ಟೈಲ್ ಕೂರಿಸಿ ತಲೆ ಎತ್ತಿದರೆ ಇಡೀ ಕೋಣೆಯೇ ತಿರುಗಿತು. ನನ್ನ ಹೆಂಡತಿ, "ನೀರು ಸೋರದ ಹಾಗೆ ಲೇಪ ಹಾಕ್ದೆ ಬಚ್ಚಲಲ್ಲಿ ಒಂದು ಟೈಲ್ ಮುಟ್ಟಲ್ಲ, ನಿನ್ ಹೊಟ್ಟೆಗೆ ಮಾತ್ರ ಏನೂ ಬೇಡ್ವಾ ಮಹರಾಯ?" ಎಂದು ಬೈಯುತ್ತಲೇ ಆಸ್ಪತ್ರೆಗೆ ಎಳೆದೊಯ್ದಳು. ಡಾಕ್ಟರಮ್ಮ ಹೊಟ್ಟೆಗೆ ಕೊಳವೆ ಇಳಿಸಿ ನೋಡಿ, ತಮ್ಮಿಬ್ಬರ ಬೆಳ್ಳಿ ಹಾಳೆಗಳನ್ನೂ ತಿರುವಿ, "ಬಣ್ಣ ಬೇರೆ ಅಷ್ಟೇ ಕಣ್ರೀ, ಎರಡೂ ಒಂದೇ ಮನೆತನದ ನೋವಿನ ಮಾತ್ರೆ. ಒಳಗೆ ಹುಣ್ಣಾಗಿ ರಕ್ತ ಸೋರ್ತಿದೆ. ಎರಡನ್ನೂ ಇವತ್ತೇ ಬಿಡಿ. ಇನ್ನೂ ತಡ ಮಾಡಿದ್ರೆ ನಿಮ್ಮನ್ನ ಹೊತ್ಕೊಂಡು ಬರ್ಬೇಕಿತ್ತು" ಎಂದರು.

ಆದ್ದರಿಂದ ತಮ್ಮಲ್ಲಿ ಬಿನ್ನಹ: ಹೊಟ್ಟೆಯ ದಾರಿ ಬಿಟ್ಟು, ಪ್ಯಾಂಟಿನ ತುದಿಯಿಂದ ಹತ್ತಿ ನೇರ ಮಂಡಿಗೆ ಬರಲಾದೀತೇ? ಸೂಜಿಯಲ್ಲಿ ಬಂದರೂ ರಕ್ತದಲ್ಲಿ ಸುತ್ತಾಡಿ ಕೊನೆಗೆ ಹೊಟ್ಟೆಯನ್ನೇ ವಿಚಾರಿಸಿಕೊಳ್ಳುತ್ತೀರಂತೆ; ಅಷ್ಟು ಬಾಂಧವ್ಯ ನನ್ನ ಸ್ವಂತ ಅಣ್ಣನಿಗೂ ಇಲ್ಲ. ಸದ್ಯಕ್ಕೆ ತಿಂಡಿಗೆ ಮುಂಚೆ ಹೊಟ್ಟೆ ಕಾಯುವ ಕ್ಯಾಪ್ಸೂಲ್ ಕಾವಲಿದೆ, ಮಂಡಿಗೆ ಮುಲಾಮು ಇದೆ. ಮೇಸ್ತ್ರಿಯ ಗಡ್ಡ ಹಿಡಿದು ಬೇಡಿಕೊಂಡು ನೆಲದಿಂದ ಗೋಡೆಗೆ ಬಡ್ತಿ ಪಡೆದಿದ್ದೇನೆ. ನಿಂತು ಮಾಡುವ ಕೆಲಸ, ತಮ್ಮ ಹಂಗಿಲ್ಲ.

ಮಂಡಿಯ ಮಟ್ಟಿಗೆ ಮಾತ್ರ ತಮ್ಮ ವಿಶ್ವಾಸಿ,
ಟೈಲ್ಸ್ ಕೂರಿಸುವವನು

ತಾ.ಕ.: ನಾನು ಬಿಟ್ಟ ನೆಲದ ಕೆಲಸ ನನ್ನ ಭಾವಮೈದುನನಿಗೆ ಸಿಕ್ಕಿದೆ. ನಿನ್ನೆ ಮಂಡಿ ನೀವಿಕೊಳ್ಳುತ್ತಾ, "ಭಾವ, ನಿನ್ ಕೆಂಪು ಮಾತ್ರೆ ಎಲ್ಲಪ್ಪಾ?" ಎಂದ. ತಾವು ತೀರಿಕೊಂಡಿರೆಂದು ಹೇಳಿ ಅವನನ್ನು ಡಾಕ್ಟರಮ್ಮನ ಬಳಿಗೆ ಕಳಿಸಿದ್ದೇನೆ. ದಯವಿಟ್ಟು ಔಷಧಿ ಅಂಗಡಿಯ ಗಾಜಿನ ಹಿಂದೆ ಹಲ್ಲು ಕಿರಿಯುತ್ತಾ ನಿಂತು ನನ್ನನ್ನು ಸುಳ್ಳುಗಾರನನ್ನಾಗಿ ಮಾಡಬೇಡಿ.